ಊರ ಪತ್ರಿಕೆ ಮತ್ತು ನಿಧನ ವಾರ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಕೂರುವವರು, ಮನೆತನದ ಚರಿತ್ರೆ ಹುಡುಕುವವರು, ಬರಿಯ ಕುತೂಹಲಕ್ಕೆ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಉತ್ತರಗಳು ಒಂದೇ ಅಳತೆಯವಲ್ಲ. ಕೆಲವಕ್ಕೆ ನಾಲ್ಕು ಮಾತು ಸಾಕು, ಕೆಲವು ಎಳೆದಷ್ಟೂ ಬರುತ್ತವೆ.

ಮರಣ ಪ್ರಕಟಣೆ, ನಿಧನ ವಾರ್ತೆ, ಶ್ರದ್ಧಾಂಜಲಿ: ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ಬರೆದವರು ಯಾರು, ದುಡ್ಡು ಕೊಟ್ಟವರು ಯಾರು ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮನೆಯವರು ಹಣ ಕಟ್ಟಿ ಹಾಕಿಸುವ ಮೂರು ನಾಲ್ಕು ಸಾಲು ಮರಣ ಪ್ರಕಟಣೆ: ಹೆಸರು, ವಯಸ್ಸು, ತೀರಿಕೊಂಡ ದಿನ, ಅಂತ್ಯಕ್ರಿಯೆ ಎಲ್ಲಿ, ಎಷ್ಟು ಹೊತ್ತಿಗೆ. ಸುದ್ದಿಯೆಂದು ಪತ್ರಿಕೆಯವರೇ ಬರೆಯುವುದು ನಿಧನ ವಾರ್ತೆ. ತೀರಿಕೊಂಡ ಕೆಲ ದಿನಗಳ ಮೇಲೋ ವರ್ಷ ತುಂಬಿದಾಗಲೋ ಫೋಟೊ ಹಾಕಿಸುವುದು ಶ್ರದ್ಧಾಂಜಲಿ ಜಾಹೀರಾತು.

ದಿನಾಂಕ ಬೇಕಿದ್ದರೆ ಚಿಕ್ಕ ಪ್ರಕಟಣೆಯನ್ನು ನಂಬಿ. ಅದನ್ನು ಹಾಕಿಸಿದವರ ಉದ್ದೇಶ ಜನ ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಬರಲಿ ಎಂಬುದಷ್ಟೇ, ಹಾಗಾಗಿ ಅಲ್ಲಿ ತಪ್ಪು ಕಡಿಮೆ. ಉದ್ದನೆಯ ನಿಧನ ವಾರ್ತೆಯಲ್ಲಿ ಸತ್ತವರ ಬದುಕಿನಷ್ಟೇ ಉಳಿದವರ ಇಷ್ಟಾನಿಷ್ಟಗಳೂ ತುಂಬಿರುತ್ತವೆ. ಮುಂದಿನ ಎಷ್ಟೋ ಉತ್ತರಗಳು ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಸಾವಿನ ಸುದ್ದಿ ಬರಹದಲ್ಲಿ ಪ್ರಕಟವಾಗತೊಡಗಿದ್ದು ಯಾವಾಗ?

ಬಹಳ ಹಿಂದಿನಿಂದ. ಕ್ರಿ.ಪೂ. 59ರಲ್ಲಿ ಜೂಲಿಯಸ್ ಸೀಸರ್ ಕಾನ್ಸಲ್, ಅಂದರೆ ಆಡಳಿತದ ಅತ್ಯುನ್ನತ ಅಧಿಕಾರಿ, ಆದಾಗ ರೋಮ್‌ನಲ್ಲಿ ದಿನದಿನದ ವಿದ್ಯಮಾನಗಳನ್ನು ಬರೆದು ಸಾರ್ವಜನಿಕ ಸ್ಥಳದಲ್ಲಿ ಇಡುವ ಏರ್ಪಾಡಾಯಿತು. ಆಕ್ಟಾ ಡಯುರ್ನಾ ಎಂಬ ಈ ಬರಹದಲ್ಲಿ ದೊಡ್ಡ ಮನೆತನಗಳ ಜನನ, ಮರಣಗಳಿಗೂ ಜಾಗ ಸಿಕ್ಕಿತು.

ಸಾವನ್ನು ಮುದ್ರಿಸಿ ಮಾರಿದ್ದರಲ್ಲಿ ನನಗೆ ಹೆಚ್ಚು ಸ್ವಾರಸ್ಯವಾಗಿ ಕಾಣುವುದು ಲಂಡನ್ನಿನ ಮರಣ ಪಟ್ಟಿಗಳು. ಪ್ಲೇಗ್ ಭಯದಿಂದ ಶುರುವಾಗಿ 1603ರಿಂದ ವಾರವಾರವೂ ಹೊರಬಂದ ಈ ಹಾಳೆಗಳಲ್ಲಿ ಯಾವ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಯಲ್ಲಿ) ಎಷ್ಟು ಜನ ಸತ್ತರು, ಯಾವುದರಿಂದ ಸತ್ತರು ಎಂಬ ಲೆಕ್ಕವಿತ್ತು, ಹೆಸರು ಮಾತ್ರ ಇರಲಿಲ್ಲ. ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿ ಈ ಪಟ್ಟಿಗಳನ್ನೇ ಕೂಡಿ ಕಳೆದು 1662ರಲ್ಲಿ ಒಂದು ಪುಸ್ತಕ ಬರೆದ. ಜನಸಂಖ್ಯಾ ಶಾಸ್ತ್ರ ಅಲ್ಲಿಂದ ಹುಟ್ಟಿತು ಎನ್ನುತ್ತಾರೆ.

ಮುದ್ರಿತ ವಾರ್ತಾಪತ್ರಿಕೆಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಹೇಳುವುದು 1605ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಯೋಹಾನ್ ಕರೋಲಸ್ ಶುರು ಮಾಡಿದ ‘ರಿಲೇಷನ್’. ಆದರೆ ಒಬ್ಬ ವ್ಯಕ್ತಿಯ ಬದುಕನ್ನು ಆತ ಸತ್ತ ಮೇಲೆ ನಾಲ್ಕು ಪ್ಯಾರಾಗಳಲ್ಲಿ ಹೇಳುವ ಪದ್ಧತಿ ಗಟ್ಟಿಯಾಗಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಎಡ್ವರ್ಡ್ ಕೇವ್ 1731ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ತಿಂಗಳ ಸಾವುಗಳ ಪಟ್ಟಿ ಕೊಡುತ್ತಿತ್ತು. ಮುಂದೆ ಜಾನ್ ನಿಕೋಲ್ಸ್ ಅದರ ಹೊಣೆ ಹೊತ್ತಾಗ ಆ ಒಣ ಪಟ್ಟಿ ವ್ಯಕ್ತಿಚಿತ್ರಗಳಾಗಿ ಬೆಳೆಯಿತು.

ಊರ ಪತ್ರಿಕೆಗಳು ಎಲ್ಲೆಡೆ ಹರಡಿದ್ದು ಹೇಗೆ?

ಇಂಗ್ಲೆಂಡಿನಲ್ಲಿ ರಾಜಧಾನಿಯ ಹೊರಗಿನ ಮೊದಲ ಪತ್ರಿಕೆ ಎಂದು 1701ರ ‘ನಾರ್ವಿಚ್ ಪೋಸ್ಟ್’ ಅನ್ನು ಹೆಸರಿಸುತ್ತಾರೆ. ಅಮೆರಿಕದ ಬಾಸ್ಟನ್ನಿನಲ್ಲಿ 1690ರಲ್ಲಿ ಒಂದು ಪತ್ರಿಕೆ ಹುಟ್ಟಿ ಒಂದೇ ಸಂಚಿಕೆಗೆ ಸರ್ಕಾರದ ಕೆಂಗಣ್ಣಿಗೆ ಬಿದ್ದು ನಿಂತಿತು. 1704ರಲ್ಲಿ ಅಂಚೆ ಅಧಿಕಾರಿಯಾಗಿದ್ದ ಜಾನ್ ಕ್ಯಾಂಬೆಲ್ ತೆಗೆದ ‘ಬಾಸ್ಟನ್ ನ್ಯೂಸ್-ಲೆಟರ್’ ಉಳಿಯಿತು. ಭಾರತದಲ್ಲಿ 1780ರ ಜನವರಿಯಲ್ಲಿ ಜೇಮ್ಸ್ ಆಗಸ್ಟಸ್ ಹಿಕ್ಕಿಯ ‘ಬೆಂಗಾಲ್ ಗೆಜೆಟ್’, ಕನ್ನಡದಲ್ಲಿ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ತೆಗೆದ ‘ಮಂಗಳೂರ ಸಮಾಚಾರ’.

ಆದರೆ ಊರೂರಿಗೆ ಪತ್ರಿಕೆ ಬರಲು ತಡೆಯಾಗಿದ್ದದ್ದು ತೆರಿಗೆ. ಬ್ರಿಟನ್ 1712ರಲ್ಲಿ ಪತ್ರಿಕೆಯ ಹಾಳೆಗೆ ಮುದ್ರಾಂಕ ಸುಂಕ ಹಾಕಿತು, ಪ್ರತಿ ಜಾಹೀರಾತಿಗೆ ಒಂದು ಶಿಲಿಂಗ್ ಬೇರೆ. ಪ್ರಕಟಣೆ ಹಾಕಿಸುವವರ ಮೇಲೂ ಇದರ ಹೊರೆ ಬೀಳುತ್ತಿತ್ತು, ಹಾಗಾಗಿ ಆ ಕಾಲದ ಪುಟಗಳಲ್ಲಿ ಬಡವರ ಹೆಸರು ಹುಡುಕಿದರೆ ಸಿಗುವುದು ಕಷ್ಟ. ಜಾಹೀರಾತು ಸುಂಕ 1853ರಲ್ಲಿ, ಮುದ್ರಾಂಕ ಸುಂಕ 1855ರಲ್ಲಿ, ಕಾಗದದ ಸುಂಕ 1861ರಲ್ಲಿ ಹೋದವು. ಆಮೇಲೆ ನೋಡಿ, ಸಣ್ಣ ಪೇಟೆಗಳಲ್ಲೂ ಒಂದೊಂದು ವಾರಪತ್ರಿಕೆ.

ಅಮೆರಿಕದಲ್ಲಿ ಇನ್ನೊಂದು ಉಪಾಯ ಕೆಲಸ ಮಾಡಿತು. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಅಚ್ಚುಕೂಟದ ಕೆಲಸಗಾರರು ಸೈನ್ಯಕ್ಕೆ ಸೇರಿದಾಗ, ವಿಸ್ಕಾನ್ಸಿನ್‌ನ ಬರಾಬೂ ಎಂಬ ಊರಿನ ಸಂಪಾದಕ ಆನ್ಸೆಲ್ ಕೆಲಾಗ್ ಒಂದು ಮಗ್ಗುಲಲ್ಲಿ ಯುದ್ಧದ ಸುದ್ದಿ ಆಗಲೇ ಮುದ್ರಣವಾಗಿದ್ದ ಹಾಳೆಗಳನ್ನು ಬೇರೆ ಊರಿಂದ ತರಿಸಿ, ಖಾಲಿ ಮಗ್ಗುಲಲ್ಲಿ ಮಾತ್ರ ತನ್ನೂರ ಸುದ್ದಿ ಅಚ್ಚು ಹಾಕಿದ. ಯುದ್ಧ ಮುಗಿದ ಮೇಲೆ ಇದೇ ದೊಡ್ಡ ವ್ಯಾಪಾರವಾಯಿತು. ಒಬ್ಬ ಸಂಪಾದಕ, ಒಬ್ಬ ಹುಡುಗ ಇದ್ದರೆ ಪತ್ರಿಕೆ ನಡೆಯುತ್ತಿತ್ತು. ಲೋಕದ ಸುದ್ದಿ ಕೊಂಡು ತಂದದ್ದು. ತನ್ನದೆಂದು ಅವನು ತುಂಬಬೇಕಾದದ್ದು ಮದುವೆ, ಮಳೆ, ಸಾವು, ಜಗಳ.

ಹಾಗಿದ್ದರೆ 18ನೇ ಶತಮಾನದ ಊರ ಪತ್ರಿಕೆಗಳಲ್ಲಿ ಊರವರ ಸಾವೇ ಕಾಣುವುದಿಲ್ಲವಲ್ಲ?

ಊರಿನ ಸಾವು ಅಚ್ಚಾಗುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತಿತ್ತು. ಜನ ದುಡ್ಡು ಕೊಟ್ಟು ಓದುತ್ತಿದ್ದದ್ದು ದೂರದ ಯುದ್ಧ, ಹಡಗು, ರಾಜರ ಸುದ್ದಿ. ಪೇಟೆಗಳು ಬೆಳೆದು, ಪಕ್ಕದ ಬೀದಿಯವರ ಹೆಸರೂ ಗೊತ್ತಿಲ್ಲದ ಕಾಲ ಬಂದಾಗ ಸ್ಥಳೀಯ ಸಾವಿಗೆ ಸುದ್ದಿಯ ಬೆಲೆ ಬಂತು.

ಹಳೆಯ ಪುಟಗಳಲ್ಲಿ ಕಾಲಂಗಳ ನಡುವೆ ದಪ್ಪ ಕಪ್ಪು ಪಟ್ಟಿಗಳಿವೆ. ಅದು ಶಾಯಿ ಚೆಲ್ಲಿದ್ದೇ?

ಅಲ್ಲ, ಬೇಕೆಂದೇ ಮಾಡಿದ್ದು. ಅಚ್ಚುಮೊಳೆಯ ಕಾಲದಲ್ಲಿ ಎರಡು ಕಾಲಂಗಳ ನಡುವಿನ ಸಣ್ಣ ಗೆರೆ ಬರಲು ತೆಳುವಾದ ಲೋಹದ ಪಟ್ಟಿಯನ್ನು ನಿಲ್ಲಿಸುತ್ತಿದ್ದರು. ಅದರ ಮೇಲಂಚು ಕೂದಲೆಳೆಯಷ್ಟು ಸಪೂರ, ಬುಡ ದಪ್ಪ. ದೊಡ್ಡವರು ಸತ್ತ ದಿನ ಮೊಳೆ ಜೋಡಿಸುವವನು ಆ ಪಟ್ಟಿಗಳನ್ನೆಲ್ಲ ಎತ್ತಿ, ಬುಡ ಮೇಲಾಗಿ ತಿರುಗಿಸಿ ನಿಲ್ಲಿಸುತ್ತಿದ್ದ. ಶಾಯಿ ಹಚ್ಚಿ ಒತ್ತಿದಾಗ ಸಣ್ಣ ಗೆರೆಯ ಜಾಗದಲ್ಲಿ ದಟ್ಟ ಕಪ್ಪು ಮೂಡುತ್ತಿತ್ತು. ಹೊಸ ಸಾಮಾನು ಬೇಡ, ಖರ್ಚಿಲ್ಲ, ಪುಟ ತೆರೆದ ಕೂಡಲೇ ಅಕ್ಷರ ಬಾರದವನಿಗೂ ಯಾರೋ ಹೋದರೆಂದು ತಿಳಿಯುತ್ತಿತ್ತು. 1799ರಲ್ಲಿ ಜಾರ್ಜ್ ವಾಷಿಂಗ್ಟನ್, 1865ರಲ್ಲಿ ಲಿಂಕನ್ ಸತ್ತಾಗ ಅಮೆರಿಕದ ಸಣ್ಣಪುಟ್ಟ ಊರುಗಳ ಪತ್ರಿಕೆಗಳೂ ಹೀಗೆ ಕಪ್ಪಾದವು. ಸಂಪಾದಕನ ಮನೆಯಲ್ಲೇ ಸಾವಾದಾಗ ಗೆರೆ ತಿರುಗಿಸಿದ್ದೂ ಉಂಟು.

ಪ್ರಕಟಣೆಯ ಕೊನೆಗೆ ‘ಅಮೆರಿಕದ ಪತ್ರಿಕೆಗಳು ದಯವಿಟ್ಟು ನಕಲು ಮಾಡಿಕೊಳ್ಳಿ’ ಎಂದಿದೆ. ಇದೇನು?

ಆ ಮನೆಯವರಲ್ಲಿ ಯಾರೋ ಕಡಲಾಚೆ ಹೋಗಿ ನೆಲೆಸಿದ್ದಾರೆ ಎಂದರ್ಥ, ಅವರ ವಿಳಾಸ ಮನೆಯವರ ಕೈಲಿ ಇಲ್ಲದಿರಬಹುದು. ಸಂಪಾದಕರು ಪರಸ್ಪರ ಪತ್ರಿಕೆ ವಿನಿಮಯ ಮಾಡಿಕೊಂಡು, ಬೇಕಾದ್ದನ್ನು ಕತ್ತರಿಸಿ ತಮ್ಮಲ್ಲಿ ಹಾಕುವುದು ಆಗ ಮಾಮೂಲಿ. ಅಮೆರಿಕದ 1792ರ ಅಂಚೆ ಕಾಯ್ದೆಯಂತೂ ಈ ವಿನಿಮಯಕ್ಕೆ ಅಂಚೆ ಖರ್ಚೇ ಇಲ್ಲದಂತೆ ಮಾಡಿತ್ತು. ಐರ್ಲೆಂಡಿನ ಹಳ್ಳಿಯಲ್ಲಿ ತಾಯಿ ಸತ್ತ ಸುದ್ದಿ ಹೀಗೆ ಪತ್ರಿಕೆಯಿಂದ ಪತ್ರಿಕೆಗೆ ದಾಟಿ, ಯಾವುದೋ ಪಟ್ಟಣದಲ್ಲಿ ಕೂಲಿ ಮಾಡುತ್ತಿದ್ದ ಮಗನ ಕಣ್ಣಿಗೆ ಬೀಳಲಿ ಎಂಬ ಆಸೆ. ವಂಶ ಹುಡುಕುವವರಿಗೆ ಈ ಒಂದು ಸಾಲು ದೊಡ್ಡ ಸುಳಿವು: ಯಾವ ಊರಿನ ಪತ್ರಿಕೆಯನ್ನು ಕೇಳಿಕೊಂಡಿದ್ದಾರೋ ಅಲ್ಲಿ ನೆಂಟರಿದ್ದಾರೆ.

19ನೇ ಶತಮಾನದ ನಿಧನ ವಾರ್ತೆಗಳಲ್ಲಿ ಕೊನೆಯುಸಿರಿನ ವರ್ಣನೆ ಅಷ್ಟೊಂದು ಏಕೆ?

ಹೇಗೆ ಸತ್ತರು ಎಂಬುದು ಹೇಗೆ ಬಾಳಿದರು ಎಂಬುದಕ್ಕೆ ಸಾಕ್ಷಿ ಎಂದು ನಂಬಿದ್ದ ಕಾಲ ಅದು. ಹಾಗಾಗಿ ಹಾಸಿಗೆಯ ಪಕ್ಕ ಯಾರಿದ್ದರು, ಕೊನೆಗೆ ಏನೆಂದರು, ಎಷ್ಟು ಶಾಂತವಾಗಿ ಕಣ್ಣು ಮುಚ್ಚಿದರು ಎಂದೆಲ್ಲ ಬರೆಯುತ್ತಿದ್ದರು, ಕೊನೆಗೊಂದು ಪದ್ಯ. ಎಲ್ಲರೂ ದೈವಭಕ್ತರು, ಎಲ್ಲರೂ ಮೃದು ಸ್ವಭಾವದವರು. ನೂರು ಓದಿದರೆ ಒಬ್ಬರೇ ನೂರು ಸಲ ಸತ್ತಂತೆ ಅನ್ನಿಸುತ್ತದೆ. ಗಿರಣಿಯ ಚಕ್ರಕ್ಕೋ ರೈಲಿಗೋ ಸಿಕ್ಕಿ ಸತ್ತವರ ವಿಷಯದಲ್ಲಿ ಮಾತ್ರ ಸಂಕೋಚವೇ ಇಲ್ಲ. ಇವತ್ತು ಯಾವ ಉಪಸಂಪಾದಕನೂ ಬಿಡದಂಥ ವಿವರಗಳು ಅಲ್ಲಿ ರಾಜಾರೋಷವಾಗಿ ಬಂದಿವೆ.

20ನೇ ಶತಮಾನದಲ್ಲಿ ಅಂತ್ಯಕ್ರಿಯೆ ನಡೆಸುವ ಸಂಸ್ಥೆಗಳು ಅಚ್ಚು ಹಾಕಿದ ಅರ್ಜಿ ಇಟ್ಟವು. ಹುಟ್ಟಿದ ದಿನ, ಕೆಲಸ, ಸಂಘ, ಬಿಟ್ಟು ಹೋದವರು: ಮನೆಯವರು ತುಂಬಿದರು, ಪತ್ರಿಕೆಗಳು ಹಾಗೇ ಹಾಕಿದವು. ಅತಿವರ್ಣನೆ ಹೋಯಿತು, ಜೊತೆಗೆ ಮನುಷ್ಯನ ಗುರುತೂ ಹೋಯಿತು.

ಹೆಂಗಸರ ಹೆಸರು ಏಕೆ ಸಿಗುವುದಿಲ್ಲ?

ಗಂಡನ ಹೆಸರಿನಲ್ಲಿ ಹುಡುಕಿ. ‘ಇಂಥವರ ಪತ್ನಿ’ ಎಂಬುದಷ್ಟೇ ಇದ್ದು, ಆಕೆಯ ಸ್ವಂತ ಹೆಸರು ಇಡೀ ಸುದ್ದಿಯಲ್ಲಿ ಒಮ್ಮೆಯೂ ಬಾರದ ಪ್ರಕಟಣೆಗಳು ಲೆಕ್ಕವಿಲ್ಲದಷ್ಟು. ತವರಿನ ಹೆಸರಿಗೆ ಆಕೆಯ ಅಣ್ಣತಮ್ಮಂದಿರ ನಿಧನ ವಾರ್ತೆ ನೋಡಬೇಕು. ‘ಉಳಿದ ಸೋದರಿಯರು’ ಎಂಬಲ್ಲಿ ಸಿಕ್ಕರೂ ಸಿಕ್ಕೀತು.

ದೊಡ್ಡ ಪತ್ರಿಕೆಗಳ ಕಥೆಯೂ ಬೇರೆಯಲ್ಲ. ‘ನ್ಯೂಯಾರ್ಕ್ ಟೈಮ್ಸ್’ 1851ರಿಂದ ತಾನು ಬರೆದ ನಿಧನ ವಾರ್ತೆಗಳಲ್ಲಿ ಬಹುಪಾಲು ಬಿಳಿಯ ಗಂಡಸರದೇ ಎಂದು ಒಪ್ಪಿ, 2018ರ ಮಾರ್ಚ್‌ನಲ್ಲಿ ತಾನು ಬಿಟ್ಟುಬಿಟ್ಟವರ ಬಗ್ಗೆ ತಡವಾಗಿ ಬರೆಯುವ ಸರಣಿ ಶುರು ಮಾಡಿತು. ಮೊದಲ ಕಂತಿನ ಹದಿನೈದು ಹೆಂಗಸರಲ್ಲಿ ಕಾದಂಬರಿಗಾರ್ತಿ ಶಾರ್ಲೆಟ್ ಬ್ರಾಂಟೆ, ಪತ್ರಕರ್ತೆ ಐಡಾ ಬಿ. ವೆಲ್ಸ್, ನಟಿ ಮಧುಬಾಲಾ ಇದ್ದರು.

ಸಾಮಾನ್ಯ ಜನರ ಬಗ್ಗೆ ಊರ ಪತ್ರಿಕೆಗಳು ನಿಜಕ್ಕೂ ಬರೆದವೇ?

ದೊಡ್ಡ ಪತ್ರಿಕೆಗಳಿಗಿಂತ ಖಂಡಿತ ಹೆಚ್ಚು, ಎಲ್ಲರ ಬಗ್ಗೆ ಅಲ್ಲ. ಅಮೆರಿಕದ ಅನೇಕ ಬಿಳಿಯರ ಪತ್ರಿಕೆಗಳು ಕಪ್ಪು ಜನರ ಸಾವನ್ನು ಕೈಬಿಟ್ಟವು, ಇಲ್ಲವೇ ಬೇರೆ ಅಂಕಣಕ್ಕೆ ತಳ್ಳಿದವು. ರಾಬರ್ಟ್ ಅಬಾಟ್ 1905ರಲ್ಲಿ ಶುರು ಮಾಡಿದ ‘ಷಿಕಾಗೊ ಡಿಫೆಂಡರ್’ನಂಥ ಪತ್ರಿಕೆಗಳು ಇಲ್ಲದೆ ಹೋಗಿದ್ದರೆ ಒಂದು ಸಮುದಾಯದ ಸಾವು ಬದುಕಿನ ಎಷ್ಟೋ ದಾಖಲೆಗಳೇ ಇರುತ್ತಿರಲಿಲ್ಲ.

ಒಂದು ಹೆಸರು ಇಲ್ಲಿ ಹೇಳಲೇಬೇಕು. ‘ಫಿಲಡೆಲ್ಫಿಯಾ ಡೈಲಿ ನ್ಯೂಸ್’ನ ಜಿಮ್ ನಿಕೋಲ್ಸನ್ 1980ರ ದಶಕದಲ್ಲಿ ನಗರದ ಸಾದಾ ಜನರ ನಿಧನ ವಾರ್ತೆಗಳನ್ನೇ ತನ್ನ ಕೆಲಸ ಮಾಡಿಕೊಂಡರು. ಪತ್ರಿಕೆಯಲ್ಲಿ ಹಿಂದೆಂದೂ ಹೆಸರು ಬಾರದವರ ಮನೆಗಳಿಗೆ ಫೋನ್ ಮಾಡಿ, ಅವರು ಹೇಗೆ ನಗುತ್ತಿದ್ದರು, ಯಾವುದಕ್ಕೆ ಸಿಡುಕುತ್ತಿದ್ದರು ಎಂದು ಕೇಳಿ ಬರೆದರು. ಬ್ರಿಟನ್ನಿನಲ್ಲಿ 1986ರ ಸುಮಾರಿಗೆ ‘ಡೈಲಿ ಟೆಲಿಗ್ರಾಫ್’ನ ಹ್ಯೂ ಮ್ಯಾಸಿಂಗ್‌ಬರ್ಡ್ ನಿಧನ ವಾರ್ತೆಗೆ ಹಾಸ್ಯ ತಂದರೆಂದು ಹೊಗಳುತ್ತಾರೆ, ಸರಿಯೇ. ಆದರೆ ವಿಚಿತ್ರ ಶ್ರೀಮಂತರ ಬಗ್ಗೆ ತಮಾಷೆಯಾಗಿ ಬರೆಯುವುದಕ್ಕಿಂತ ಮಾಮೂಲಿ ಮನುಷ್ಯನ ಬಗ್ಗೆ ಓದಿಸಿಕೊಳ್ಳುವಂತೆ ಬರೆಯುವುದು ಕಷ್ಟದ ಕೆಲಸ.

ಬದುಕಿರುವವರ ನಿಧನ ವಾರ್ತೆ ಬಂದದ್ದುಂಟೇ?

ಬೇಕಾದಷ್ಟು. 1897ರಲ್ಲಿ ಲಂಡನ್ನಿನಲ್ಲಿದ್ದ ಮಾರ್ಕ್ ಟ್ವೇನ್ ಸಾಯುವ ಸ್ಥಿತಿಯಲ್ಲಿದ್ದಾರೆ, ಸತ್ತೇ ಹೋದರು ಎಂದು ಗುಲ್ಲೆದ್ದಿತು. ಕಾಯಿಲೆ ಬಿದ್ದಿದ್ದದ್ದು ಅವರ ನೆಂಟರೊಬ್ಬರು. ವಿಚಾರಿಸಲು ಬಂದ ವರದಿಗಾರನಿಗೆ, ತನ್ನ ಸಾವಿನ ಸುದ್ದಿ ಉತ್ಪ್ರೇಕ್ಷೆ ಎಂದು ಟ್ವೇನ್ ಉತ್ತರ ಕೊಟ್ಟರು. ಕಪ್ಪು ಜನರ ಹೋರಾಟದ ನಾಯಕ ಮಾರ್ಕಸ್ ಗಾರ್ವೆಯದು ನಗುವ ಕಥೆಯಲ್ಲ. ಪಾರ್ಶ್ವವಾಯು ಹೊಡೆದು ಲಂಡನ್ನಿನಲ್ಲಿ ಮಲಗಿದ್ದ ಅವರು 1940ರಲ್ಲಿ ತಮ್ಮದೇ ಸಾವಿನ ಸುದ್ದಿಗಳನ್ನು, ಅದರಲ್ಲಿದ್ದ ಕಟು ಮಾತುಗಳ ಸಮೇತ, ಓದಬೇಕಾಯಿತು. ಅದೇ ಜೂನ್ 10ರಂದು ನಿಜಕ್ಕೂ ತೀರಿಕೊಂಡರು.

ಪ್ರಸಿದ್ಧರ ವಾರ್ತೆಗಳನ್ನು ಮುಂಚೆಯೇ ಬರೆದಿಡುವುದು ದೊಡ್ಡ ಪತ್ರಿಕೆಗಳ ರೂಢಿ. 1960ರ ದಶಕದಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಆಲ್ಡನ್ ವಿಟ್‌ಮನ್ ಅವರಂತೂ ಸಂಬಂಧಪಟ್ಟವರನ್ನೇ ಭೇಟಿಯಾಗಿ ಸಂದರ್ಶನ ಮಾಡಿ ತಂದಿಡುತ್ತಿದ್ದರು, ಮಾಜಿ ಅಧ್ಯಕ್ಷ ಟ್ರೂಮನ್ ಕೂಡ ಹಾಗೆ ಮಾತಾಡಿದವರೇ. ಊರ ಪತ್ರಿಕೆಗೆ ಆ ಚೈತನ್ಯವಿಲ್ಲ. ಅದರ ಅಪಾಯವೇ ಬೇರೆ: ಆಗದವರು ಫೋನ್ ಮಾಡಿ ಸುಳ್ಳು ಸಾವು ಬರೆಸುವುದು. ಅದಕ್ಕೇ ಅಂತ್ಯಕ್ರಿಯೆ ನಡೆಸುವವರಿಂದಲೋ ಆಸ್ಪತ್ರೆಯಿಂದಲೋ ಖಚಿತವಾಗದೆ ಹಾಕಬಾರದೆಂಬ ನಿಯಮ ಬಂತು.

ಸಾವಿನ ಕಾರಣವನ್ನು ಏಕೆ ಮರೆಮಾಚುತ್ತಾರೆ?

ಕಾಲಕಾಲಕ್ಕೆ ಒಂದೊಂದು ಕಾಯಿಲೆ ನಾಚಿಕೆಯದಾಗಿತ್ತು. ‘ದೀರ್ಘಕಾಲದ ಅಸ್ವಸ್ಥತೆ’ ಎಂದರೆ ಎಷ್ಟೋ ಕಡೆ ಕ್ಯಾನ್ಸರ್. ‘ಹಠಾತ್ತನೆ’ ಎಂದರೆ ಹೃದಯಾಘಾತವೂ ಆಗಬಹುದು, ಆತ್ಮಹತ್ಯೆಯೂ ಆಗಬಹುದು. ಇಂಥ ಮಾತುಗಳಿಂದ ಕಾರಣ ಊಹಿಸಬೇಡಿ, ಮರಣ ಪ್ರಮಾಣಪತ್ರ ಹುಡುಕಿ.

1980ರ ದಶಕದಲ್ಲಿ ಏಡ್ಸ್ ಬಂದಾಗ ಈ ಮರೆಮಾಚುವಿಕೆ ತುತ್ತತುದಿ ಮುಟ್ಟಿತು. ಇಪ್ಪತ್ತು ಮೂವತ್ತರ ಹರೆಯದವರು ‘ಅಲ್ಪಕಾಲದ ಕಾಯಿಲೆ’ಯಿಂದ ಸಾಲುಸಾಲಾಗಿ ಸಾಯುತ್ತಿದ್ದರು, ಜೊತೆಗೆ ಬಾಳಿದವನ ಹೆಸರು ‘ಬಿಟ್ಟು ಹೋದವರು’ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊದ ‘ಬೇ ಏರಿಯಾ ರಿಪೋರ್ಟರ್’ ಎಂಬ ಸಲಿಂಗಿ ಸಮುದಾಯದ ವಾರಪತ್ರಿಕೆ ಮಾತ್ರ ಆ ಹೆಸರುಗಳನ್ನು ಫೋಟೊ ಸಮೇತ ಹಾಕುತ್ತ ಬಂತು, ವಾರ ತಪ್ಪದೆ, ಕೆಲವೊಮ್ಮೆ ಪುಟಗಟ್ಟಲೆ. ಹೊಸ ಔಷಧಗಳು ಬಂದವು. 1998ರ ಆಗಸ್ಟ್ 13ರ ಸಂಚಿಕೆಯ ಮುಖಪುಟದಲ್ಲಿ ದೊಡ್ಡ ಅಕ್ಷರದ ತಲೆಬರಹ: ನಿಧನ ವಾರ್ತೆಗಳಿಲ್ಲ. ಆ ವಾರ ಏಡ್ಸ್ ಸಾವಿನ ಒಂದು ಪ್ರಕಟಣೆಯೂ ಕಚೇರಿಗೆ ಬಂದಿರಲಿಲ್ಲ. ವರ್ಷಗಟ್ಟಲೆ ಎಣಿಸುತ್ತ ಕೂತ ಊರ ಪತ್ರಿಕೆಯೊಂದೇ ಹಾಕಬಲ್ಲ ತಲೆಬರಹ ಅದು. ಪತ್ರಿಕೋದ್ಯಮದ ಚರಿತ್ರೆಯಲ್ಲಿ ಅದಕ್ಕೆ ಸಮನಾದದ್ದು ನನಗೆ ಬೇಗ ನೆನಪಾಗುವುದಿಲ್ಲ.

ಕೊರೊನಾ ಕಾಲದಲ್ಲಿ ಇವುಗಳಿಂದ ಏನು ತಿಳಿಯಿತು?

ಸರ್ಕಾರದ ಅಂಕಿಗಿಂತ ಮುಂಚೆ ಪುಟಗಳು ಮಾತಾಡಿದವು. ಇಟಲಿಯ ಬೆರ್ಗಾಮೊದ ಸ್ಥಳೀಯ ದಿನಪತ್ರಿಕೆ ‘ಲೆಕೊ ದಿ ಬೆರ್ಗಾಮೊ’ 2020ರ ಮಾರ್ಚ್ 13ರಂದು ಹತ್ತು ಪುಟ ಮರಣ ಪ್ರಕಟಣೆ ಹಾಕಿತು. ಒಂದು ತಿಂಗಳ ಹಿಂದೆ ಎರಡು ಪುಟ ತುಂಬುವುದೂ ಕಷ್ಟವಿತ್ತು. ಆ ಪುಟಗಳನ್ನು ಒಂದೊಂದಾಗಿ ತಿರುವಿದ ವಿಡಿಯೊ ಲೋಕವೆಲ್ಲ ಸುತ್ತಿತು. 2021ರಲ್ಲಿ ಗುಜರಾತಿನ ಪತ್ರಿಕೆಗಳಲ್ಲೂ ಹೀಗೇ ಆಯಿತು. ಅಧಿಕೃತ ಸಂಖ್ಯೆ ಒಂದು ಹೇಳುತ್ತಿತ್ತು, ನಿಧನದ ಪುಟಗಳು ಇನ್ನೊಂದು.

ಎಲ್ಲ ದೇಶಗಳಲ್ಲೂ ಒಂದೇ ರೀತಿಯೇ?

ಇಲ್ಲ. ಐಸ್‌ಲೆಂಡಿನ ‘ಮೊರ್ಗುನ್‌ಬ್ಲಾದಿದ್’ ಪತ್ರಿಕೆಯಲ್ಲಿ ಮಕ್ಕಳು, ಗೆಳೆಯರು, ಸಹೋದ್ಯೋಗಿಗಳು ತಾವೇ ನೆನಪಿನ ಲೇಖನ ಬರೆಯುತ್ತಾರೆ, ಒಬ್ಬರ ಬಗ್ಗೆ ಹಲವರು. ಐರ್ಲೆಂಡಿನಲ್ಲಿ ಸ್ಥಳೀಯ ರೇಡಿಯೊ ಸಾವಿನ ಪಟ್ಟಿ ಓದುತ್ತದೆ. ಬಲ್ಗೇರಿಯಾದಲ್ಲಿ ಫೋಟೊ ಇರುವ ಹಾಳೆಯನ್ನು ಗೋಡೆಗೆ, ಮರಕ್ಕೆ ಅಂಟಿಸುತ್ತಾರೆ. ಮಲಯಾಳದ ದಿನಪತ್ರಿಕೆಗಳು ಸಾದಾ ಜನರ ಸಾವಿಗೂ ಫೋಟೊ ಸಹಿತ ಜಾಗ ಕೊಡುತ್ತ ಬಂದಿವೆ.

ಮೊದಲು ಉಚಿತವಾಗಿದ್ದದ್ದಕ್ಕೆ ಈಗ ಏಕೆ ಹಣ?

ಸಂಪಾದಕ ಬರೆದದ್ದು ಸುದ್ದಿ, ಅದಕ್ಕೆ ಹಣವಿಲ್ಲ. ಮನೆಯವರು ಬರೆದದ್ದು ಜಾಹೀರಾತು. ಪತ್ರಿಕೆಗಳ ಆದಾಯ ಕುಸಿದಂತೆ ಮೊದಲನೆಯದು ಕುಗ್ಗಿ ಎರಡನೆಯದು ಬೆಳೆಯಿತು. 1995ರಲ್ಲಿ ಹುಟ್ಟಿದ ಕ್ರೇಗ್ಸ್‌ಲಿಸ್ಟ್‌ನಂಥ ತಾಣಗಳು ಬಾಡಿಗೆ ಮನೆ, ಹಳೆಯ ವಾಹನ, ಕೆಲಸ ಖಾಲಿ ಜಾಹೀರಾತುಗಳನ್ನೆಲ್ಲ ಎಳೆದುಕೊಂಡವು. ವರ್ಗೀಕೃತ ಪುಟದಲ್ಲಿ ಉಳಿದುಕೊಂಡ ಕೆಲವೇ ಗ್ರಾಹಕರಲ್ಲಿ ಸಾವಿನ ಮನೆಯವರೂ ಸೇರಿದ್ದರು. ಅಕ್ಷರಕ್ಕೋ ಸಾಲಿಗೋ ದರ ಕಟ್ಟುವುದರಿಂದ ಮೊದಲು ಕತ್ತರಿಸುವುದು ಕೆಲಸದ ವಿವರ, ಆಮೇಲೆ ಮೊಮ್ಮಕ್ಕಳ ಹೆಸರು. ಮುಂದಿನ ಶತಮಾನದ ಸಂಶೋಧಕರಿಗೆ ಬೇಕಾಗುವುದು ಅವೇ.

1998ರಲ್ಲಿ ಲೆಗಸಿ ಡಾಟ್ ಕಾಮ್ ಬಂದು ಪತ್ರಿಕೆಗಳ ಪ್ರಕಟಣೆಗಳನ್ನು ಅಂತರ್ಜಾಲಕ್ಕೆ ಸೇರಿಸಿತು. ಐರ್ಲೆಂಡಿನ ಆರ್‌ಐಪಿ ಡಾಟ್ ಐಇ 2005ರಿಂದ ಅದೇ ಕೆಲಸವನ್ನು ಪತ್ರಿಕೆಯ ಹಂಗಿಲ್ಲದೆ ಮಾಡಿತು, 2024ರಲ್ಲಿ ‘ಐರಿಷ್ ಟೈಮ್ಸ್’ ಅದನ್ನೇ ಕೊಂಡುಕೊಂಡಿತು.

ಮನೆತನದ ಚರಿತ್ರೆಗೆ ಇವನ್ನು ಎಷ್ಟು ನಂಬಬಹುದು?

ಸಾವಿನ ದಿನ, ಅಂತ್ಯಕ್ರಿಯೆಯ ಜಾಗ: ಹೆಚ್ಚುಕಡಿಮೆ ಪೂರ್ತಿ. ವಯಸ್ಸು: ಐದು ವರ್ಷ ಆಚೀಚೆ ಇಟ್ಟುಕೊಳ್ಳಿ. ಹುಟ್ಟಿದ ಊರು: ಮಕ್ಕಳು ಕೇಳಿ ತಿಳಿದದ್ದು, ಸಂದೇಹದಿಂದ ನೋಡಿ. ಯುದ್ಧದಲ್ಲಿ ಮಾಡಿದ ಸಾಹಸ, ದೊಡ್ಡವರ ಜೊತೆಗಿನ ಸ್ನೇಹ: ಬೇರೆ ದಾಖಲೆ ಸಿಗುವ ತನಕ ಕಥೆ ಎಂದೇ ಇಟ್ಟುಕೊಳ್ಳಿ. ಬಿಟ್ಟು ಹೋದವರ ಪಟ್ಟಿಯಲ್ಲಿ ಒಬ್ಬ ಮಗನ ಹೆಸರಿಲ್ಲವೆಂದರೆ ಸತ್ತಿದ್ದಾನೆ ಎಂದಲ್ಲ, ಮಾತು ಬಿಟ್ಟಿರಬಹುದು.

ವಾರಪತ್ರಿಕೆಯಲ್ಲಿ ‘ಕಳೆದ ಮಂಗಳವಾರ’ ಎಂದಿದ್ದರೆ ಸಂಚಿಕೆಯ ದಿನಾಂಕದಿಂದ ಲೆಕ್ಕ ಹಾಕುತ್ತೀರಿ, ಆದರೆ ಆ ಸುದ್ದಿ ಬೇರೆ ಪತ್ರಿಕೆಯಿಂದ ನಕಲಾಗಿದ್ದರೆ ಲೆಕ್ಕ ತಪ್ಪುತ್ತದೆ. ಇಂಗ್ಲಿಷಿನ ಹಳೆಯ ಪ್ರಕಟಣೆಗಳಲ್ಲಿ ದಿನಾಂಕದ ಪಕ್ಕ ‘ಅಲ್ಟ್.’ ಎಂದಿದ್ದರೆ ಹಿಂದಿನ ತಿಂಗಳು, ‘ಇನ್ಸ್ಟ್.’ ಎಂದಿದ್ದರೆ ಅದೇ ತಿಂಗಳು.

ಹಳೆಯ ಪತ್ರಿಕೆಗಳ ಅಂತರ್ಜಾಲ ಸಂಗ್ರಹಗಳಲ್ಲಿ ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಅಮೆರಿಕದ ಕ್ರಾನಿಕ್ಲಿಂಗ್ ಅಮೆರಿಕ ಉಚಿತ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನ ಬಹುಪಾಲು ಪುಟಗಳಿಗೆ ಚಂದಾ ಬೇಕು. ಇಲ್ಲೆಲ್ಲ ಯಂತ್ರವೇ ಅಕ್ಷರ ಗುರುತಿಸಿರುವುದರಿಂದ ಮಾಸಿದ ಮೊಳೆಯ ಹೆಸರುಗಳು ಕೆಟ್ಟಿರುತ್ತವೆ. ಹೆಸರು ಸಿಗದಿದ್ದರೆ ಬೀದಿ, ಅಳಿಯನ ಹೆಸರು, ಕೆಲಸ ಹಾಕಿ ನೋಡಿ. ಟ್ರೋವ್‌ನಲ್ಲಿ ತಪ್ಪನ್ನು ಓದುಗರೇ ತಿದ್ದಬಹುದು.

ಪತ್ರಿಕೆ ಮುಚ್ಚಿದರೆ ಹಳೆಯ ಸಂಚಿಕೆಗಳ ಗತಿ?

ಅಮೆರಿಕದಲ್ಲಿ 2005ರಿಂದೀಚೆಗೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಪತ್ರಿಕೆಗಳು ನಿಂತಿವೆ, ಹಾಗಾಗಿ ಇದು ಬರಿಯ ಊಹೆಯ ಪ್ರಶ್ನೆಯಲ್ಲ. ವಿಚಿತ್ರವೆಂದರೆ 1800ರ ಸಂಚಿಕೆ 1900ರದಕ್ಕಿಂತ ಗಟ್ಟಿ. ಮೊದಲು ಕಾಗದವನ್ನು ಚಿಂದಿ ಬಟ್ಟೆಯಿಂದ ಮಾಡುತ್ತಿದ್ದರು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮರದ ತಿರುಳಿನ ಕಾಗದ ಬಂತು. ಅದರೊಳಗಿನ ಆಮ್ಲವೇ ಅದನ್ನು ಹಳದಿ ಮಾಡಿ ಪುಡಿ ಮಾಡುತ್ತದೆ. ಮೈಕ್ರೊಫಿಲ್ಮ್ ಆದವು, ಅಂದರೆ ಪುಟಗಳ ಪುಟ್ಟ ಚಿತ್ರಗಳಾಗಿ ಫಿಲ್ಮಿಗೆ ಇಳಿದವು, ಉಳಿದವು. ಇನ್ನು ಅಂತರ್ಜಾಲದಲ್ಲಿ ಮಾತ್ರ ಇದ್ದ ಪ್ರಕಟಣೆಗಳು ಪತ್ರಿಕೆಯ ಸರ್ವರ್ ಜೊತೆಗೇ ಹೋಗುತ್ತವೆ. ಮನೆಯವರ ಪ್ರಕಟಣೆ ಇದ್ದರೆ ಅದರ ಮುದ್ರಿತ ಪುಟವನ್ನೋ ಪಿಡಿಎಫ್ ಅನ್ನೋ ಸ್ಥಳೀಯ ಗ್ರಂಥಾಲಯಕ್ಕೆ ಕೊಡಿ, ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ ಬರೆದು.

ನಾವು ಬರೆದ ನಿಧನ ವಾರ್ತೆಯನ್ನು ಯಾರೋ ತಮ್ಮ ತಾಣದಲ್ಲಿ ಹಾಕಿ ದುಡ್ಡು ಮಾಡಬಹುದೇ?

ಮಾಡಬಾರದು, ಮಾಡುತ್ತಾರೆ. ಕೆನಡಾದಲ್ಲಿ ಆಫ್ಟರ್‌ಲೈಫ್ ಎಂಬ ತಾಣ ಲಕ್ಷಗಟ್ಟಲೆ ನಿಧನ ವಾರ್ತೆ, ಫೋಟೊಗಳನ್ನು ಎತ್ತಿ ಹಾಕಿ ಪಕ್ಕದಲ್ಲಿ ಹೂವು, ಮೇಣದಬತ್ತಿ ಮಾರುತ್ತಿತ್ತು. 2019ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಬರೆದ ಮನೆಯವರದೇ ಹಕ್ಕು ಎಂದು ಎತ್ತಿಹಿಡಿದು 2 ಕೋಟಿ ಕೆನಡಿಯನ್ ಡಾಲರ್ ಪರಿಹಾರ ವಿಧಿಸಿತು. ಈಗ ಯಂತ್ರಗಳೇ ಹೆಸರು, ಊರು ಹಿಡಿದು ಸುಳ್ಳು ನಿಧನ ವಾರ್ತೆ ಹೊಸೆಯುತ್ತವೆ, ಅವುಗಳ ಹಿಂದೆ ಓಡುವುದು ಇನ್ನೂ ಕಷ್ಟ.

ಬರೆಯುವಾಗ ಒಂದಿಷ್ಟು ಎಚ್ಚರ ಸಾಕು. ಹುಟ್ಟಿದ ಪೂರ್ತಿ ದಿನಾಂಕದ ಬದಲು ವರ್ಷ ಹಾಕಿ. ತಾಯಿಯ ತವರಿನ ಹೆಸರನ್ನು ಬ್ಯಾಂಕಿನವರು ಗುಟ್ಟಿನ ಪ್ರಶ್ನೆಯಾಗಿ ಕೇಳುವುದುಂಟು, ಅದನ್ನು ಬಿಡಿ. ಮನೆ ನಂಬರು ಕೊಡಬೇಡಿ. ಅಂತ್ಯಕ್ರಿಯೆಯ ಹೊತ್ತಿಗೆ ಮನೆ ಖಾಲಿ ಎಂದು ಕಳ್ಳರಿಗೂ ಓದಲು ಬರುತ್ತದೆ. ಚರಿತ್ರೆಗಾಗಿ ಪೂರ್ತಿ ವಿವರ ಉಳಿಯಬೇಕೆಂದರೆ ಇನ್ನೊಂದು ಪ್ರತಿ ಬರೆದು ಗ್ರಂಥಾಲಯಕ್ಕೆ ಕೊಡುವ ಲಕೋಟೆಯಲ್ಲಿ ಸೇರಿಸಿ.